ಕರ್ಣಕುಂಡಲ, ತುಂಬೆ, ಅಣ್ಣೆ, ಗಿಜಿಗಿಜಿ: ಅಂಗಳಕ್ಕೆ ಮಳೆಗಾಲದ ಕಾಡುಹೂ ಆರಿಸುವ ಬಗೆ

ಒಂದೇ ಮಳೆಗಾಲ ಬಾಳುವ ಕಾಡುಹೂವನ್ನು ಆರಿಸುವಾಗ ಹೆಚ್ಚಿನವರು ಮೊದಲು ಬಣ್ಣ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಬೀಜ. ಗಿಡ ಆರೇಳು ತಿಂಗಳಲ್ಲಿ ಒಣಗುತ್ತದೆ, ಮುಂದಿನ ಮಳೆಗೆ ಉಳಿಯುವುದು ಬೀಜವೊಂದೇ. ಅದು ಸಿಡಿದು ಹಾರುತ್ತದೆಯೋ, ಹಿಟ್ಟಿನಂತೆ ಉದುರುತ್ತದೆಯೋ, ಗಿಡದಲ್ಲೇ ಬಟ್ಟಲಿನೊಳಗೆ ಕೂತಿರುತ್ತದೆಯೋ, ಗಟ್ಟಿ ಸಿಪ್ಪೆಯೊಳಗೆ ವರ್ಷಗಟ್ಟಲೆ ಮಲಗಿರುತ್ತದೆಯೋ ಎಂಬುದರ ಮೇಲೆ ನಿಮ್ಮ ಮುಂದಿನ ವರ್ಷದ ಕೆಲಸವೆಲ್ಲ ನಿಂತಿದೆ.

ಇಲ್ಲಿ ಹೋಲಿಸುತ್ತಿರುವ ನಾಲ್ಕೂ ಗಿಡಗಳು ಕರ್ನಾಟಕದ ಬೇಲಿಸಾಲು, ಹೊಲದ ಬದು, ರಸ್ತೆಯ ಅಂಚುಗಳಲ್ಲಿ ಮಳೆ ಬಿದ್ದ ಮೇಲೆ ತಾವಾಗಿ ಏಳುವಂಥವು. ಹೆಸರುಗಳ ಗೊಂದಲ ಮೊದಲೇ ತೀರಿಸಿಕೊಳ್ಳೋಣ.

ಕರ್ಣಕುಂಡಲ ಎಂದರೆ ಇಂಪೇಷಿಯನ್ಸ್ ಬಾಲ್ಸಮಿನಾ. ನೀರು ತುಂಬಿದಂತಹ ಮೆತ್ತನೆಯ ಕಾಂಡ, ಎಲೆಯ ಕಂಕುಳಲ್ಲಿ ಗುಲಾಬಿ, ಬಿಳಿ ಅಥವಾ ನೇರಳೆ ಹೂ, ಹೂವಿನ ಹಿಂದೆ ಬಾಲದಂತಹ ಸಣ್ಣ ಕೊಳವೆ. ಇದನ್ನು ಹಲವೆಡೆ ಗೌರಿ ಹೂ ಎನ್ನುತ್ತಾರೆ. ಆದರೆ ಅಗ್ನಿಶಿಖೆಗೂ ಗೌರಿ ಹೂ ಎಂಬ ಹೆಸರಿದೆ. ಅಗ್ನಿಶಿಖೆ ಗೆಡ್ಡೆಯಿಂದ ಪ್ರತಿವರ್ಷ ಏಳುವ ಬಳ್ಳಿ, ಅದರ ಎಲ್ಲ ಭಾಗವೂ ವಿಷ. ‘ಗೌರಿ ಹೂವಿನ ಬೀಜ’ ಎಂದು ಯಾರಾದರೂ ಕೊಟ್ಟರೆ ಯಾವ ಗಿಡದ್ದೆಂದು ಕೇಳಿಯೇ ತೆಗೆದುಕೊಳ್ಳಿ. ಕರ್ಣಕುಂಡಲದ ಬೀಜ ಸುಮಾರು 3 ಮಿಲಿಮೀಟರಿನ ಕಂದು ಗುಂಡು. ಅಗ್ನಿಶಿಖೆಯದು ಅದಕ್ಕಿಂತ ದಪ್ಪ, ಕೆಂಪು ಸಿಪ್ಪೆ ಹೊದ್ದಿರುತ್ತದೆ.

ತುಂಬೆ ಗೊತ್ತಿಲ್ಲದವರಿಲ್ಲ. ಲ್ಯೂಕಸ್ ಆಸ್ಪೆರಾ, ಶಿವರಾತ್ರಿಯಲ್ಲಿ ಶಿವನಿಗೆ ಏರುವ ಪುಟ್ಟ ಬಿಳಿ ಹೂ. ಮೊಣಕಾಲೆತ್ತರ ದಾಟುವುದು ಅಪರೂಪ.

ಅಣ್ಣೆ ಹೂ ಎಂದರೆ ಸೆಲೋಸಿಯಾ ಅರ್ಜೆಂಟಿಯಾ, ಅಣ್ಣೆ ಸೊಪ್ಪಿನ ಗಿಡ. ಗುಲಾಬಿಯಾಗಿ ಅರಳಿ ಬೆಳ್ಳಿಯಂತೆ ಬಿಳಿಚುವ ತೆನೆ. ತೋಟದ ಕೋಳಿಜುಟ್ಟು ಇದರದೇ ಸಾಕಿದ ರೂಪ. ಇದರ ಮೂಲ ಭಾರತವೋ ಆಫ್ರಿಕವೋ ಎಂಬ ವಿಷಯದಲ್ಲಿ ಸಸ್ಯವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಶುದ್ಧ ನಾಡಗಿಡವೇ ಬೇಕು ಎನ್ನುವವರು ಉಳಿದ ಮೂರರಲ್ಲೇ ಆರಿಸಿಕೊಳ್ಳಬಹುದು.

ಗಿಜಿಗಿಜಿ ಗಿಡ ಎಂಬ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಕ್ರೊಟಲೇರಿಯಾಗಳಿವೆ. ಹಳದಿ ಹೂವಿನ ಕ್ರೊಟಲೇರಿಯಾ ರೆಟೂಸಾ, ಚೌಕ ಕಾಂಡದ ನಸುನೀಲಿ ಹೂವಿನ ಕ್ರೊಟಲೇರಿಯಾ ವೆರುಕೋಸಾ ಇವೆರಡೂ ಅಂಗಳಕ್ಕೆ ಹೊಂದುತ್ತವೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು. ಹೊಲಕ್ಕೆ ಹಸಿರೆಲೆ ಗೊಬ್ಬರವಾಗಿ ಬಿತ್ತುವ ಸೆಣಬು ಇದೇ ಕುಲದ್ದು, ಬಹುಕಾಲದಿಂದ ಬೆಳೆಸುತ್ತ ಬಂದ ಬೆಳೆ. ಆಳೆತ್ತರ ಹೋಗುವ ಅದು ಕುಂಡಕ್ಕೆ ಸಲ್ಲದು.

ಅಂಗಡಿಯಲ್ಲಿ ‘ವೈಲ್ಡ್‌ಫ್ಲವರ್ ಮಿಕ್ಸ್’ ಎಂಬ ಪೊಟ್ಟಣದಲ್ಲಿ ಬರುವ ಕಾಸ್ಮಾಸ್, ಜಿನ್ನಿಯಾ, ಚೆಂಡುಹೂಗಳ ತವರು ಮೆಕ್ಸಿಕೋ ಕಡೆಯದು. ಅಂದವಾಗಿರುತ್ತವೆ, ಆದರೆ ನಮ್ಮ ಕಾಡುಹೂಗಳಲ್ಲ. ಪಶ್ಚಿಮಘಟ್ಟದ ಬಂಡೆ ಹಾಸುಗಳ ಮೇಲೆ ಮಳೆಗಾಲದಲ್ಲಿ ಅರಳುವ ನೀಲಿ ಯುಟ್ರಿಕ್ಯುಲೇರಿಯಾದಂಥವನ್ನೂ ಮನೆಗೆ ತರಲು ಹೋಗಬೇಡಿ. ಅವು ಸದಾ ನೀರು ಜಿನುಗುವ, ಸಾರವೇ ಇಲ್ಲದ ತೆಳು ಮಣ್ಣಿನಲ್ಲಿ ಸಣ್ಣ ಜೀವಿಗಳನ್ನು ಹಿಡಿದು ಬದುಕುವ ಗಿಡಗಳು. ಕುಂಡದ ಮಣ್ಣಿನಲ್ಲಿ ವಾರದೊಳಗೆ ಕೊಳೆಯುತ್ತವೆ.

ಬಿಸಿಲು ಮತ್ತು ಮಣ್ಣು

ಜಾಗವೇ ಅರ್ಧ ಆಯ್ಕೆ ಮಾಡಿಕೊಡುತ್ತದೆ. ದಿನಕ್ಕೆ ಮೂರು–ನಾಲ್ಕು ಗಂಟೆ ಬಿಸಿಲು ಮಾತ್ರ ಬೀಳುವ, ಗೋಡೆಯ ಪಕ್ಕದ ಅಥವಾ ಮರದಡಿಯ ಜಾಗವಾದರೆ ಕರ್ಣಕುಂಡಲ ಒಂದೇ. ಉಳಿದ ಮೂರಕ್ಕೂ ಆರು ಗಂಟೆಗೆ ಕಡಿಮೆಯಿಲ್ಲದ ನೇರ ಬಿಸಿಲು ಬೇಕು. ನೆರಳಿನ ತುಂಬೆ ಸೊರಗಿ ಉದ್ದವಾಗುತ್ತದೆ, ಗಿಣ್ಣಿನಿಂದ ಗಿಣ್ಣಿಗೆ ಅಂತರ ಹೆಚ್ಚಿ ಹೂವಿನ ಉಂಡೆಗಳು ವಿರಳವಾಗುತ್ತವೆ. ನೆರಳಿನ ಅಣ್ಣೆ ಬಳುಕಿ ಬೀಳುತ್ತದೆ.

ಮಣ್ಣಿನ ವಿಚಾರದಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ತುಂಬೆಗೆ. ಪ್ರೀತಿಯಿಂದ ಎರೆಗೊಬ್ಬರ ಸುರಿಯುತ್ತಾರೆ. ಗಿಡ ಕೊಬ್ಬಿ ಎಲೆಯಷ್ಟೇ ಬಿಡುತ್ತದೆ. ತುಂಬೆ ಬಡ ಮಣ್ಣಿನ ಗಿಡ. ಕೆಂಪು ಮಣ್ಣು ಒಂದು ಪಾಲು, ಮರಳು ಒಂದು ಪಾಲು, ಹಳೆಯ ಗೊಬ್ಬರ ಕುಂಡಕ್ಕೆ ಒಂದು ಹಿಡಿ, ಅಷ್ಟೇ. ಗಿಜಿಗಿಜಿಗೂ ಇದೇ ಮಿಶ್ರಣ ಸಾಕು. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ, ಯೂರಿಯಾ ಹಾಕಿದರೆ ಆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ಕರ್ಣಕುಂಡಲಕ್ಕೆ ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಅಣ್ಣೆ ಯಾವುದಕ್ಕೂ ಒಗ್ಗುತ್ತದೆ.

ಎರೆ ಮಣ್ಣಿನವರು ನೆಲದ ಮೇಲೆ 15–20 ಸೆಂಟಿಮೀಟರ್ ಎತ್ತರದ ಮಡಿ ಮಾಡಿಕೊಂಡೇ ಬಿತ್ತಬೇಕು. ನೀರು ನಿಂತ ಎರೆಯಲ್ಲಿ ಕರ್ಣಕುಂಡಲದ ಬುಡ ಎರಡೇ ದಿನದಲ್ಲಿ ಕಪ್ಪಾಗಿ ಮೆತ್ತಗಾಗುತ್ತದೆ. ಬರಿಯ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸುವುದೂ ಮಳೆಗಾಲದಲ್ಲಿ ಇದೇ ಗತಿ ತರುತ್ತದೆ.

ಯಾವ ಮಳೆಗೆ ಬಿತ್ತಬೇಕು

ಮಲೆನಾಡು, ಕರಾವಳಿಗೂ ಬಯಲುಸೀಮೆಗೂ ಇಲ್ಲಿ ಲೆಕ್ಕ ಬೇರೆ. ಕರಾವಳಿಯ ಜೂನ್–ಜುಲೈ ಮಳೆ ಸಣ್ಣ ಬೀಜವನ್ನು ತೊಳೆದುಕೊಂಡೇ ಹೋಗುತ್ತದೆ. ಅಲ್ಲಿ ರೋಹಿಣಿ ಮಳೆಯ ಹದಕ್ಕೆ, ಅಂದರೆ ಮೇ ಕೊನೆಯ ವಾರದಲ್ಲಿ ಬಿತ್ತಿ, ಮುಂಗಾರು ಜೋರಾಗುವ ಹೊತ್ತಿಗೆ ಸಸಿಗೆ ನಾಲ್ಕೆಲೆ ಬಂದಿರುವಂತೆ ನೋಡಿಕೊಳ್ಳಬೇಕು. ಆ ಸಮಯ ತಪ್ಪಿದರೆ ಸೂರಿನಡಿಯ ತಟ್ಟೆಯಲ್ಲಿ ಸಸಿ ಮಾಡಿ ಮಳೆ ತಗ್ಗಿದ ಮೇಲೆ ನೆಡಿ. ತುಂಬೆ ಮತ್ತು ಗಿಜಿಗಿಜಿಯನ್ನಂತೂ ಕರಾವಳಿಯಲ್ಲಿ ಆಗಸ್ಟ್ ಕೊನೆಗೆ ಬಿತ್ತುವುದೇ ಲೇಸು. ಅವಕ್ಕೆ ಒದ್ದೆ ಕಾಲು ಆಗದು.

ಬಯಲುಸೀಮೆಯಲ್ಲಿ ಮೃಗಶಿರಾದಿಂದ ಆರಿದ್ರಾ ಮಳೆಯವರೆಗೆ, ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದ ತನಕ ನಾಲ್ಕನ್ನೂ ಬಿತ್ತಬಹುದು. ನಡುವೆ ಹತ್ತು ಹದಿನೈದು ದಿನ ಮಳೆ ಕೈಕೊಟ್ಟರೆ ಮೊಳಕೆ ಸಾಯುತ್ತದೆ. ಅಷ್ಟು ದಿನ ಮಾತ್ರ ಸಂಜೆ ಝಾರಿಯಿಂದ ನೀರು ಚಿಮುಕಿಸಿ. ಗೌರಿ ಹಬ್ಬಕ್ಕೆ ಕರ್ಣಕುಂಡಲ ಅರಳಿರಬೇಕೆಂದರೆ ಜೂನ್ ಮಧ್ಯದೊಳಗೆ ಬೀಜ ಮಣ್ಣಿಗೆ ಬಿದ್ದಿರಬೇಕು, ಬಿತ್ತನೆಯಿಂದ ಹೂವಿಗೆ ಐವತ್ತು ಅರವತ್ತು ದಿನ ಹಿಡಿಯುತ್ತದೆ.

ಕರ್ಣಕುಂಡಲ: ಹೊಸಬರಿಗೆ ಮೊದಲ ಆಯ್ಕೆ

ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೂಳಬೇಡಿ. ಬೆರಳಿಗೆ ಬೀಜ ಸಿಗುವಷ್ಟು ದಪ್ಪವಿರುವುದರಿಂದ ಒಂದೊಂದಾಗಿ ಇಡಬಹುದು. ಹದವಿದ್ದರೆ ಒಂದು ವಾರದೊಳಗೆ ದಪ್ಪ ದುಂಡನೆಯ ಎರಡು ಬೀಜದೆಲೆ ಹೊತ್ತು, ನೀರು ಕಾಣುವಂತಹ ತಿಳಿ ಕಾಂಡದ ಸಸಿ ಏಳುತ್ತದೆ. ಹತ್ತು ಅಂಗುಲದ ಕುಂಡಕ್ಕೆ ಒಂದೇ ಗಿಡ, ನೆಲದಲ್ಲಿ ಗಿಡದಿಂದ ಗಿಡಕ್ಕೆ 25–30 ಸೆಂಟಿಮೀಟರ್. ಕಿತ್ತು ನೆಡುವುದಾದರೆ ನಾಲ್ಕರಿಂದ ಆರೆಲೆಯ ಹಂತದಲ್ಲಿ, ಸಂಜೆ, ಬೇರಿನ ಮಣ್ಣು ಕದಲದಂತೆ. ಕರ್ಣಕುಂಡಲ ಇದನ್ನು ಚೆನ್ನಾಗಿ ತಾಳುತ್ತದೆ.

ಮಧ್ಯಾಹ್ನ ಎಲೆ ಜೋತುಬಿದ್ದದ್ದು ಕಂಡ ಕೂಡಲೇ ನೀರು ಸುರಿಯುವುದು ಇದನ್ನು ಕೊಲ್ಲುವ ಸುಲಭ ದಾರಿ. ಮೆತ್ತನೆಯ ಎಲೆ ಬಿಸಿಲಿಗೆ ಬಾಡಿ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒಳಗೆ ತೇವವಿದ್ದರೆ ಬಿಡಿ, ಒಣಗಿದ್ದರೆ ಬುಡಕ್ಕೆ ಹೊಯ್ಯಿರಿ. ಮುಂಜಾನೆಯೂ ಬಾಡಿಯೇ ಇದ್ದು ಮಣ್ಣು ಒದ್ದೆಯಿದ್ದರೆ ಬುಡ ಕೊಳೆತಿದೆ ಎಂದರ್ಥ. ಆ ಗಿಡ ಉಳಿಯದು, ಮಣ್ಣಿನ ಸಮೇತ ತೆಗೆದು ಪಕ್ಕದ ಗಿಡ ಉಳಿಸಿಕೊಳ್ಳಿ.

ಹೂವಿನ ರಚನೆಯಲ್ಲಿ ಒಂದು ಸೊಗಸಿದೆ. ಕೇಸರಗಳು ಒಂದಾಗಿ ಬೆಸೆದು ಹೆಣ್ಣು ಭಾಗವಾದ ಶಲಾಕೆಯ ಮೇಲೆ ಟೊಪ್ಪಿಯಂತೆ ಕೂತಿರುತ್ತವೆ. ಪರಾಗ ಮುಗಿದ ಮೇಲೆ ಟೊಪ್ಪಿ ಕಳಚಿ ಬೀಳುತ್ತದೆ, ಆಗಷ್ಟೇ ಹೆಣ್ಣು ಭಾಗ ಬಯಲಾಗುತ್ತದೆ. ಹೀಗಾಗಿ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುವ ದುಂಬಿ, ಜೇನು ಬೇಕೇಬೇಕು. ಬಿಳಿಯನ್ನೂ ಗುಲಾಬಿಯನ್ನೂ ಅಕ್ಕಪಕ್ಕ ಬೆಳೆಸಿದರೆ ಮುಂದಿನ ವರ್ಷ ಬಣ್ಣ ಬೆರೆಯುತ್ತದೆ. ಗುಲಾಬಿ ಹೂವಿನಂತೆ ಎಸಳು ತುಂಬಿದ ಸುತ್ತುಹೂವಿನ ತಳಿಗಳಲ್ಲಿ ಕೀಟಕ್ಕೆ ಮಕರಂದದ ದಾರಿ ಮುಚ್ಚಿರುತ್ತದೆ, ಕಾಯಿಯೂ ಕಡಿಮೆ. ಕೀಟಗಳಿಗಾಗಿ ಬೆಳೆಸುವವರು ಒಂಟಿ ಎಸಳಿನ ಕಾಡು ರೂಪವನ್ನೇ ಹುಡುಕಿ.

ರಾತ್ರೋರಾತ್ರಿ ಗಿಡವೇ ಬೋಳಾಗಿದ್ದರೆ ಬಾಲದ ತುದಿಯಲ್ಲಿ ಕೊಂಬಿರುವ, ಮೈಮೇಲೆ ಕಣ್ಣಿನಂತಹ ಚುಕ್ಕಿಗಳಿರುವ ದಪ್ಪ ಹುಳುವನ್ನು ಹುಡುಕಿ. ಅದು ಹಾಕ್ ಮಾತ್ ಪತಂಗದ ಮರಿ. ಕೆಳಗೆ ಬಿದ್ದ ಕಪ್ಪು ಹಿಕ್ಕೆಯ ನೇರಕ್ಕೆ ಮೇಲೆ ನೋಡಿದರೆ ಸಿಗುತ್ತದೆ. ವಿಷ ಹೊಡೆಯಬೇಡಿ. ಹತ್ತು ಗಿಡವಿದ್ದರೆ ಎರಡನ್ನು ಅದಕ್ಕೇ ಬಿಟ್ಟು ಹುಳುಗಳನ್ನು ಕೈಯಿಂದ ಎತ್ತಿ ಅಲ್ಲಿಗೆ ಸೇರಿಸಿ. ಮಳೆ ನಿಂತ ಮೇಲೆ ಎಲೆಯ ಮೇಲೆ ಬಿಳಿ ಪುಡಿಯಂತೆ ಬೂದಿ ರೋಗ ಬರುವುದು ಸಾಮಾನ್ಯ. ಆ ಹೊತ್ತಿಗೆ ಕಾಯಿ ಬಲಿತಿರುತ್ತದೆ, ಔಷಧಿಯ ಖರ್ಚು ಬೇಡ.

ತುಂಬೆ: ಬಿತ್ತಿದ್ದು ಮರೆತುಬಿಡುವವರಿಗೆ

ನಾಲ್ಕರಲ್ಲಿ ಅತಿ ಕಡಿಮೆ ಆರೈಕೆ ಬೇಡುವುದು ತುಂಬೆ, ಅತಿ ಹೆಚ್ಚು ತಾಳ್ಮೆ ಬೇಡುವುದೂ ತುಂಬೆಯೇ. ಬಿತ್ತಿದ ಬೀಜವೆಲ್ಲ ಒಟ್ಟಿಗೆ ಏಳುವುದಿಲ್ಲ. ಕೆಲವು ಎರಡು ವಾರಕ್ಕೆ, ಕೆಲವು ತಿಂಗಳಿಗೆ, ಕೆಲವು ಮುಂದಿನ ವರ್ಷಕ್ಕೆ. ಒಂದು ಚದರ ಮೀಟರಿಗೆ ಒಂದು ಚಿಟಿಕೆ ಬೀಜವನ್ನು ಎರಡು ಹಿಡಿ ಒಣ ಮರಳಿನಲ್ಲಿ ಬೆರೆಸಿ ಎರಚಿ, ಅಂಗೈಯಿಂದ ಒತ್ತಿ. ಮೇಲೆ ಮಣ್ಣು ಮುಚ್ಚಬೇಡಿ. ಹೂಳಿದರೆ ಬರುವುದಿಲ್ಲ, ‘ಬೀಜ ಸರಿಯಿಲ್ಲ’ ಎಂಬ ದೂರಿನ ಹಿಂದೆ ಬಹುತೇಕ ಇದೇ ಕಾರಣವಿರುತ್ತದೆ.

ಎದ್ದ ಮೇಲೆ ಗಿಡಕ್ಕೆ ಗಿಡ 15–20 ಸೆಂಟಿಮೀಟರ್ ಬಿಟ್ಟು ಉಳಿದದ್ದು ಕೀಳಿ. ಐದಾರು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ. ಹೂ ಆಗಸ್ಟಿನಿಂದ ಶುರುವಾಗಿ ಚಳಿಗಾಲ ಪೂರ್ತಿ ಇರುತ್ತದೆ. ಒಂದು ಹೂ ಒಂದೆರಡು ದಿನದಲ್ಲಿ ಉದುರಿದರೂ ಉಂಡೆಯಲ್ಲಿ ಹೊಸದು ಬರುತ್ತಲೇ ಇರುತ್ತದೆ. ಅಗಲ ಕೆಳತುಟಿ ಜೇನ್ನೊಣಕ್ಕೆ ಇಳಿಯುವ ಹಾಸು. ಶಿವರಾತ್ರಿಗೆ ಹೂ ಬೇಕೆನ್ನುವವರು ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಬಿತ್ತಿ ವಾರಕ್ಕೆರಡು ಬಾರಿ ನೀರು ಕೊಟ್ಟರೆ ಗಿಡ ಫೆಬ್ರವರಿಯಲ್ಲಿ ಇನ್ನೂ ಹಸಿರಾಗಿರುತ್ತದೆ.

ಅಣ್ಣೆ: ಜಾಗವಿದ್ದವರಿಗೆ ಮಾತ್ರ

ಬೆಳೆಯುವುದರಲ್ಲಿ ಇದಕ್ಕಿಂತ ಸುಲಭದ್ದಿಲ್ಲ, ತಡೆಯುವುದರಲ್ಲಿ ಇದಕ್ಕಿಂತ ಕಷ್ಟದ್ದೂ ಇಲ್ಲ. ರಾಗಿ, ಜೋಳದ ಹೊಲದಲ್ಲಿ ಇದು ಕಳೆ ಎಂದೇ ಲೆಕ್ಕ. ಎಳ್ಳಿಗಿಂತ ಸಣ್ಣ, ಹೊಳೆಯುವ ಕರಿ ಬೀಜ, ಒಂದು ಗಿಡಕ್ಕೆ ಸಾವಿರಗಟ್ಟಲೆ. ತೆನೆ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ, ಆದ್ದರಿಂದ ತುದಿಯಲ್ಲಿ ಗುಲಾಬಿ ಹೂ ಕಾಣುತ್ತಿರುವಾಗಲೇ ಬುಡದಲ್ಲಿ ಬೀಜ ಉದುರಲು ಶುರುವಾಗಿರುತ್ತದೆ. ‘ಹೂ ಮುಗಿಯಲಿ, ಆಮೇಲೆ ಕೊಯ್ಯೋಣ’ ಎಂದು ಕಾದರೆ ಮುಂದಿನ ವರ್ಷ ಅಂಗಳವೆಲ್ಲ ಅಣ್ಣೆ.

ಹೊಲಕ್ಕೆ ಅಂಟಿದ ತೋಟದಲ್ಲಿ ಇದನ್ನು ಹಾಕಬೇಡಿ ಎಂದೇ ನಮ್ಮ ಮಾತು. ಸುತ್ತ ಸಿಮೆಂಟು ನೆಲವಿರುವ ತಾರಸಿಯ ಕುಂಡದಲ್ಲಾದರೆ ಇದರಷ್ಟು ದಿನ ಬಣ್ಣ ಕೊಡುವ ಗಿಡ ಬೇರೆಯಿಲ್ಲ, ತೆನೆ ಕಾಗದದಂತೆ ಒಣಗಿಯೂ ಉದುರದೆ ನಿಲ್ಲುತ್ತದೆ. ಎಳೆಯ ಎಲೆ ಸಾರಿಗೆ, ಪಲ್ಯಕ್ಕೆ ಬರುತ್ತದೆ, ಹೂ ಬರುವ ಮೊದಲು ಎರಡು ಸಲ ಕೊಯ್ದರೂ ಗಿಡ ಚಿಗುರುತ್ತದೆ. ಸಸಿಯನ್ನು ಸಣ್ಣ ತಟ್ಟೆಯಲ್ಲಿ ಹೆಚ್ಚು ದಿನ ಇಟ್ಟರೆ ಬೇರು ಸುತ್ತಿಕೊಂಡು ಒಂದು ಗೇಣಿಗೇ ಹೂ ಬಿಟ್ಟು ಅಲ್ಲಿಗೇ ನಿಲ್ಲುತ್ತದೆ. ನಾಲ್ಕೆಲೆಗೆ ಕುಂಡಕ್ಕೆ ಹೋಗಲೇಬೇಕು.

ಗಿಜಿಗಿಜಿ: ಚಿಟ್ಟೆಗಾಗಿ

ಬೀಜದ ಸಿಪ್ಪೆ ಗಟ್ಟಿ. ಹಾಗೇ ಬಿತ್ತಿದರೆ ನೂರರಲ್ಲಿ ಕೆಲವೇ ಏಳುತ್ತವೆ, ಉಳಿದವು ಮಣ್ಣಿನಲ್ಲಿ ಮಲಗುತ್ತವೆ. ನೀರು ಕುದಿಸಿ, ಒಲೆಯಿಂದ ಇಳಿಸಿ ಐದು ನಿಮಿಷ ಬಿಟ್ಟು ಬೀಜದ ಮೇಲೆ ಹೊಯ್ದು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ. ಉಬ್ಬದವನ್ನು ಮರಳು ಕಾಗದದ ಮೇಲೆ ಬಣ್ಣ ಸ್ವಲ್ಪ ಮಾಸುವಷ್ಟು ಉಜ್ಜಿ ಮತ್ತೆ ನೆನೆಹಾಕಿ. ಬೀಜವನ್ನು ಕುದಿಯುವ ನೀರಲ್ಲೇ ಬೇಯಿಸಬೇಡಿ, ಒಳಗಿನ ಮೊಳಕೆ ಸಾಯುತ್ತದೆ.

ಒಂದು ಸೆಂಟಿಮೀಟರ್ ಆಳ, 30–45 ಸೆಂಟಿಮೀಟರ್ ಅಂತರ, ಇದ್ದಲ್ಲೇ ಬಿತ್ತನೆ. ತಾಯಿಬೇರು ನೇರ ಕೆಳಗಿಳಿಯುವ ಗಿಡವಾದ್ದರಿಂದ ಕಿತ್ತು ನೆಟ್ಟರೆ ಸೊರಗುತ್ತದೆ. ಕುಂಡದಲ್ಲಾದರೆ ಹನ್ನೆರಡು ಅಂಗುಲಕ್ಕಿಂತ ಕಡಿಮೆ ಆಳ ಬೇಡ.

ಇದರಲ್ಲಿ ಪೈರೋಲಿಜಿಡಿನ್ ಎಂಬ ಆಲ್ಕಲಾಯ್ಡ್ ಇದೆ. ಬ್ಲೂ ಟೈಗರ್, ಕಾಮನ್ ಕ್ರೋ ಜಾತಿಯ ಗಂಡು ಚಿಟ್ಟೆಗಳು ಒಣಗಿದ, ಮುರಿದ ಭಾಗವನ್ನು ಹೀರಿ ಈ ವಸ್ತುವನ್ನು ಮೈಗೂಡಿಸಿಕೊಳ್ಳುತ್ತವೆ. ಹೆಣ್ಣನ್ನು ಸೆಳೆಯುವ ಪರಿಮಳಕ್ಕೂ ಹಕ್ಕಿಗಳಿಂದ ರಕ್ಷಣೆಗೂ ಅದೇ ಆಧಾರ. ಇದೇ ವಸ್ತು ದನ, ಕುದುರೆಗಳ ಯಕೃತ್ತಿಗೆ ವಿಷ. ದನ ಮೇಯುವ ಜಾಗದಲ್ಲಿ, ಮೇವು ಕೊಯ್ಯುವ ಬದುವಿನಲ್ಲಿ ಬಿತ್ತಬಾರದು. ಸಣ್ಣ ಮಕ್ಕಳಿರುವ ಮನೆಯಲ್ಲಿ ಕಾಯಿ ಆಟಕ್ಕೆ ಸಿಗುವಂತಿದ್ದರೆ ಈ ಗಿಡ ಬಿಟ್ಟು ಬೇರೆ ಆರಿಸಿಕೊಳ್ಳಿ. ಕಾಯಿಯೊಳಗೆ ಹುಳು ಸೇರಿ ಬೀಜ ತಿನ್ನುವುದುಂಟು, ತೂತಿಲ್ಲದ ಕಾಯಿಗಳನ್ನೇ ಬೀಜಕ್ಕೆ ಗುರುತು ಹಾಕಿ.

ಕಳೆಯೆಂದು ಕಿತ್ತುಬಿಡುವ ಮೊದಲು

ಕಾಡುಹೂ ಬೆಳೆಯುವವರು ಹೆಚ್ಚು ಸಸಿ ಕಳೆದುಕೊಳ್ಳುವುದು ಹುಳುವಿಗಲ್ಲ, ತಮ್ಮದೇ ಕೈಗೆ. ತುಂಬೆಯ ಸಸಿಗೆ ಎದುರುಬದುರು ಎಲೆ, ಚೌಕ ಕಾಂಡ, ಹಿಸುಕಿದರೆ ಘಾಟು ವಾಸನೆ. ಅಣ್ಣೆಯ ಸಸಿ ದಂಟಿನ ಸಸಿಯಂತೆಯೇ ಇರುತ್ತದೆ. ಗಿಜಿಗಿಜಿಯ ರೆಟೂಸಾದಲ್ಲಿ ಎಲೆಯ ತುದಿ ಮೊಂಡು, ನಡುವೆ ಸಣ್ಣ ಕಚ್ಚು. ನೆಲಕ್ಕೆ ಅಂಟಿ ಚಕ್ರದಂತೆ ಹರಡಿ, ಸೀಳುಸೀಳಾದ ಎಲೆ ಬಿಡುವುದು ಕಾಂಗ್ರೆಸ್ ಗಿಡ. ಅದನ್ನು ಹೂ ಬರುವ ಮೊದಲೇ ಕೈಗವಸು ಹಾಕಿಕೊಂಡು ಬೇರು ಸಮೇತ ತೆಗೆಯಿರಿ. ಬಿತ್ತಿದ ಬೀಜದಲ್ಲಿ ಹತ್ತನ್ನು ಪ್ರತ್ಯೇಕ ಲೋಟದಲ್ಲಿ ಮೊಳೆಯಿಸಿ ಇಟ್ಟುಕೊಂಡರೆ ಮಡಿಯಲ್ಲಿ ಯಾವುದು ಯಾವುದೆಂದು ಹೋಲಿಸಿ ನೋಡಬಹುದು.

ಬೀಜ ಹಿಡಿಯುವುದು

ಕರ್ಣಕುಂಡಲದ ಕಾಯಿ ಹಸಿರು ಮಾಸಿ ಉಬ್ಬಿದಾಗ ಮುಟ್ಟಿದರೆ ಸಾಕು, ಸಿಡಿದು ಬೀಜ ಒಂದೆರಡು ಮೀಟರ್ ಹಾರುತ್ತದೆ. ಇಡೀ ಕಾಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದೇ ಒತ್ತಬೇಕು. ಇಲ್ಲವೇ ತೆಳು ಬಟ್ಟೆಯ ಚೀಲವನ್ನು ಕವಲಿಗೆ ಕಟ್ಟಿ. ತುಂಬೆಯಲ್ಲಿ ಗಡಿಬಿಡಿಯಿಲ್ಲ. ಪ್ರತಿ ಬಟ್ಟಲಿನೊಳಗೆ ನಾಲ್ಕು ಬೀಜ ಕೂತಿರುತ್ತವೆ, ಒಣಗಿದ ಉಂಡೆಗಳನ್ನು ಕತ್ತರಿಸಿ ಕಾಗದದ ಮೇಲೆ ತಲೆಕೆಳಗಾಗಿ ಕುಟ್ಟಿದರೆ ಬರುತ್ತವೆ. ಅಣ್ಣೆಯ ತೆನೆಯ ಕೆಳಗಿನ ಮೂರನೇ ಒಂದು ಭಾಗ ಬಿಳಿಚಿದಾಗಲೇ ಇಡೀ ತೆನೆ ಕೊಯ್ದು ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿ. ಗಿಜಿಗಿಜಿಗೆ ಸದ್ದೇ ಸೂಚನೆ, ಗಿಲಿಗಿಲಿ ಕೇಳಿದ ಮೇಲೆ ಕೊಯ್ಯಿರಿ.

ನೆರಳಲ್ಲಿ ಒಂದು ವಾರ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹೆಸರು, ತಿಂಗಳು ಬರೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಹಸಿ ಬೀಜ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ಮೊದಲ ವರ್ಷ ರಸ್ತೆಯಂಚಿನಿಂದ ತರುವುದಾದರೆ ಒಂದೇ ಗಿಡ ಬರಿದು ಮಾಡದೆ ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಈ ನಾಲ್ಕಕ್ಕೂ ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ.

ಹಾಗಾದರೆ ಯಾವುದು?

ಅರ್ಧ ನೆರಳಿನ ಬಾಲ್ಕನಿ, ದಿನವೂ ನೋಡಿಕೊಳ್ಳುವ ಕೈ ಇದ್ದರೆ ಕರ್ಣಕುಂಡಲ. ಬಿಸಿಲಿನ ಬಡ ನೆಲ, ವಾರಕ್ಕೊಮ್ಮೆ ಮಾತ್ರ ಕಣ್ಣು ಹಾಯಿಸುವವರಾದರೆ ತುಂಬೆ. ಬಿಸಿಲ ತಾರಸಿ, ಸೊಪ್ಪಿಗೂ ಆಗಬೇಕು ಎಂದರೆ ಅಣ್ಣೆ, ತೆನೆ ಕೊಯ್ಯುವ ಶಿಸ್ತು ಇದ್ದರೆ ಮಾತ್ರ. ದನಕರು ಬಾರದ ಬೇಲಿಯ ಒಳಗೆ ಚಿಟ್ಟೆ ಬರಬೇಕು ಎಂದರೆ ಗಿಜಿಗಿಜಿ. ಎರಡು ಬೇಕೆನ್ನುವವರಿಗೆ ತುಂಬೆಯ ಜೊತೆ ಗಿಜಿಗಿಜಿ ಹೊಂದುತ್ತದೆ. ಮಣ್ಣು, ಬಿಸಿಲು, ನೀರು ಮೂರೂ ಒಂದೇ, ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಕರ್ಣಕುಂಡಲವನ್ನು ಈ ಎರಡರ ನಡುವೆ ಸೇರಿಸಬೇಡಿ, ಅದಕ್ಕೆ ಬೇಕಾದಷ್ಟು ನೀರು ತುಂಬೆಯ ಬೇರಿಗೆ ಹೆಚ್ಚಾಗುತ್ತದೆ.

ಹೂ ಮುಗಿದ ಮೇಲೆ ಕರ್ಣಕುಂಡಲವನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು. ಅಣ್ಣೆಯನ್ನು ಗುಂಡಿಗೆ ಹಾಕಿದರೆ ಬೀಜ ಗೊಬ್ಬರದ ಜೊತೆ ತೋಟಕ್ಕೆಲ್ಲ ಹರಡುತ್ತದೆ, ತೆನೆಯನ್ನು ಬೇರೆಯಾಗಿಯೇ ತೆಗೆಯಬೇಕು. ತುಂಬೆಯ ಕಡ್ಡಿಗಳನ್ನು ಅದೇ ಜಾಗದ ಮೇಲೆ ಒರಗಿಸಿ ಬಿಡಿ, ಉಳಿದ ಬೀಜ ಅಲ್ಲೇ ಉದುರುತ್ತದೆ. ಗಿಜಿಗಿಜಿಯ ಒಣಗಿದ ಗಿಡವನ್ನು ಮಾತ್ರ ಕೀಳಬೇಡಿ. ಒಂದೆರಡು ಕೊಂಬೆ ಮುರಿದು ಜೋತುಬಿಟ್ಟರೆ, ಹೂವಿದ್ದಾಗ ಬಾರದ ಚಿಟ್ಟೆಗಳೂ ಆಗ ಬಂದು ಕೂರುತ್ತವೆ.